ಒಂದೂವರೆ ಮಿಲಿಸೆಕೆಂಡಿನ ಗೀಳು

ಡಿಜೆ ಸಾಫ್ಟ್‌ವೇರ್‌ನಲ್ಲಿ ಬಫರ್ ಅಂತ ಒಂದು ಅಂಕಿ ಇರುತ್ತದೆ. ಸ್ಪೀಕರ್ ಕಡೆಗೆ ಬಿಡುವ ಮುಂಚೆ ಲ್ಯಾಪ್‌ಟಾಪ್ ಎಷ್ಟು ಸದ್ದನ್ನು ಕೂಡಿಟ್ಟುಕೊಳ್ಳಬೇಕು ಅನ್ನುವ ಲೆಕ್ಕ ಅದು. ಸೆಕೆಂಡಿಗೆ 44,100 ಸ್ಯಾಂಪಲ್ ಓಡುವ ಹಾಡಿಗೆ ಬಫರ್ 512 ಇಟ್ಟರೆ ಹೆಚ್ಚುಕಡಿಮೆ 12 ಮಿಲಿಸೆಕೆಂಡ್ ತಡ. 64 ಇಟ್ಟರೆ ಒಂದೂವರೆ. ಚಾಮರಾಜನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಬಿಡುವಿನಲ್ಲಿ ಊರವರ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಕೊಡುವ ನನಗೆ ಆ ಒಂದೂವರೆ ತಲೆಗೆ ಹತ್ತಿಬಿಟ್ಟಿತು.

ಅಕ್ಕನ ಮಗನ ಮದುವೆ ಗುಂಡ್ಲುಪೇಟೆಯಲ್ಲಿ ಗೊತ್ತಾಗಿತ್ತು. "ಡಿಜೆಗೆ ಯಾಕೆ ದುಡ್ಡು ಸುರೀತೀರಿ, ನಾನಿಲ್ವಾ?" ಅಂದೆ. ಯಾರೂ ಕೇಳಿರಲಿಲ್ಲ. ಸ್ನೇಹಿತನೊಬ್ಬನ ಕಂಟ್ರೋಲರ್ ಎರವಲು ತಂದೆ, ಪುಕ್ಕಟೆ ಸಿಗುವ ಮಿಕ್ಸ್ ತಂತ್ರಾಂಶ ಹಾಕಿಕೊಂಡೆ. ರಾತ್ರಿ ಅಂಗಡಿ ಶಟರ್ ಎಳೆದ ಮೇಲೆ ವಿಂಡೋಸನ್ನು ಬಿಚ್ಚಿ ಕೂರುವುದೇ ಕೆಲಸವಾಯಿತು. ವೈಫೈ, ಬ್ಲೂಟೂತ್ ಬಂದ್. ಅಪ್‌ಡೇಟಿಗೆ ತಡೆ. ಹಾಡಿನ ಫೋಲ್ಡರ್ ತಂಟೆಗೆ ಬರಬೇಡ ಅಂತ ಆಂಟಿವೈರಸ್‌ಗೆ ತಾಕೀತು. ಯುಎಸ್‌ಬಿ ನಿದ್ದೆ ಹೋಗದ ಹಾಗೆ ಮಾಡಿದೆ, ಪ್ರೊಸೆಸರನ್ನು ಪೂರಾ ದಮ್ಮಿನಲ್ಲಿ ಓಡಲು ಬಿಟ್ಟೆ. ಇವೆಲ್ಲ ಸರಿಯಾದ ಕೆಲಸಗಳೇ. ವೈಫೈ ಡ್ರೈವರ್ ಕಣ್ಣೆವೆ ಮುಚ್ಚುವಷ್ಟು ಹೊತ್ತು ಪ್ರೊಸೆಸರನ್ನು ಹಿಡಿದಿಟ್ಟುಕೊಂಡರೂ ಸಾಕು, ಹಾಡು ಅಲ್ಲಿ ತುಂಡಾಗುತ್ತದೆ.

ಬಫರ್ ಇಳಿಸುತ್ತಾ ಇಳಿಸುತ್ತಾ 64ಕ್ಕೆ ಬಂದೆ. ಹೆಡ್‌ಫೋನಿನಲ್ಲಿ ಒಂದು ಬಿರುಕೂ ಇಲ್ಲ. ಪಹಣಿ ಜೆರಾಕ್ಸಿಗೆ ಬಂದ ಹಿರಿಯರೊಬ್ಬರಿಗೂ ಇದರ ಮಹಿಮೆ ಬಣ್ಣಿಸಿದೆ. ಅವರು ಪೂರ್ತಿ ಕೇಳಿ, "ಆಯ್ತು ಬುಡಪ್ಪ, ಎಲ್ಡು ಕಾಪಿ ಕೊಡು" ಅಂದರು.

ಹೆಣ್ಣಿನ ಕಡೆಯ ನೆಂಟರಲ್ಲಿ ಸುಲ್ತಾನ್ ಬತ್ತೇರಿಯವರು ಬಹಳ. ಅವರು ವಾಪಸ್ ಹೋಗಬೇಕಾದ ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಹಾಗಾಗಿ ಆರತಕ್ಷತೆಯ ಕುಣಿತ ಸಂಜೆಯೇ ಶುರುವಾಗಬೇಕಿತ್ತು. ತೆರಕಣಾಂಬಿ ಮೇಲೆ ಹೋಗಿ, ಛತ್ರದಲ್ಲಿ ವೈರು ಜೋಡಿಸಿದೆ. ಸ್ಪೀಕರ್ ಗುಂಯ್ ಅಂದಿತು. ಅರ್ತಿಂಗ್ ತಾಪತ್ರಯ, ಇದೆಲ್ಲ ನನಗೆ ಗೊತ್ತಿದ್ದದ್ದೇ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ, ಗುಂಯ್ ನಿಂತಿತು. ಸೌಂಡಿನವರ ಕಡೆ ಒಂದು ಗತ್ತಿನ ನೋಟ ಬೀರಿ ಹಾಡು ಹಚ್ಚಿದೆ.

ಮಾದಪ್ಪನ ಪದದ ರೀಮಿಕ್ಸ್. ಕಂಸಾಳೆ ಏರುವ ಜಾಗಕ್ಕೆ ಬರುವ ಹೊತ್ತಿಗೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಶುರುವಾಯಿತು. ಮಾದಪ್ಪ ತುಂಡು ತುಂಡಾಗಿ ಹೊರಬಂದ. ಎತ್ತಿದ ಕೈ ಇಳಿಸಬೇಕೋ ಬೇಡವೋ ತಿಳಿಯದೆ ಹುಡುಗರು ನಿಂತರು. ಸ್ಟೇಜಿನ ಮೇಲಿಂದ ಮದುಮಗ "ಮಾವಾ..." ಅಂದ. ಅಕ್ಕ ಏನೂ ಅನ್ನಲಿಲ್ಲ, ಅದೇ ಕಷ್ಟವಾದದ್ದು. ಬೆವರುತ್ತಾ ಅದೂ ಇದೂ ಒತ್ತಿದೆ. ಕೊನೆಗೆ ಎಲ್ಲರಿಗೂ ಕೇಳುವ ಹಾಗೆ, "ಇಲ್ಲಿ ಕರೆಂಟೇ ಸರಿಯಿಲ್ಲ, ವೋಲ್ಟೇಜ್ ಏರುಪೇರು" ಅಂದುಬಿಟ್ಟೆ.

ಸೌಂಡಿನ ಹುಡುಗ ಮೆತ್ತಗೆ ಕೇಳಿದ: "ಚಾರ್ಜರ್ ಕಿತ್ತಾಕಿದ್ದೀರಲ್ಲಾ ಸಾ, ಇನ್ನು ಕರೆಂಟೆಲ್ಲಿಂದ ಬಂತು?"

ಸುತ್ತ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕಂತೆ ಮಾಡಿದೆ. ಅವನು ತನ್ನ ಫೋನಿಗೆ ವೈರು ಸಿಕ್ಕಿಸಿ ಹಾಡು ಹಾಕಿದ. ಜನ ಕುಣಿದರು, ಬತ್ತೇರಿಯವರು ಗೇಟು ಮುಚ್ಚುವ ಮುಂಚೆಯೇ ಹೊರಟರು. ವೈರು ಸುತ್ತುವಾಗ ಅವನು ಪೆಟ್ಟಿಗೆಯಿಂದ ಬೆಂಕಿಪೊಟ್ಟಣದಷ್ಟು ಉದ್ದದ ಐಸೊಲೇಟರ್ ತೆಗೆದು ತೋರಿಸಿದ. ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಅದನ್ನು ಹಾಕಿದ್ದರೆ ಗುಂಯ್ ಅನ್ನುವುದು ನಿಲ್ಲುತ್ತಿತ್ತು, ಚಾರ್ಜರ್ ಕೀಳಬೇಕಿರಲಿಲ್ಲ. "ನೀವು ಕೇಳ್ಲಿಲ್ಲ ಸಾ" ಅಂದ.

ಆಗಿದ್ದು ಇಷ್ಟೇ. ವಿಂಡೋಸಿನ ಪವರ್ ಸೆಟ್ಟಿಂಗ್‌ನಲ್ಲಿ ಪ್ರತಿಯೊಂದಕ್ಕೂ ಎರಡು ಸಾಲು: ಬ್ಯಾಟರಿಯಲ್ಲಿದ್ದಾಗ, ಚಾರ್ಜಿಗೆ ಹಾಕಿದ್ದಾಗ. ಅಂಗಡಿಯಲ್ಲಿ ಲ್ಯಾಪ್‌ಟಾಪ್ ಸದಾ ಚಾರ್ಜಿನಲ್ಲೇ ಇರುವುದರಿಂದ ನಾನು ತಿದ್ದಿದ್ದು ಎರಡನೆಯದನ್ನು ಮಾತ್ರ. ಚಾರ್ಜರ್ ಕಿತ್ತ ಕೂಡಲೇ ಪ್ರೊಸೆಸರ್ ಉಳಿತಾಯಕ್ಕೆ ಇಳಿಯಿತು. 64ರ ಬಫರಿಗೆ ಹೊತ್ತು ಹೊತ್ತಿಗೆ ಸದ್ದು ತುಂಬಿಸಲು ಅದರ ಕೈಲಾಗಲಿಲ್ಲ.

ಇನ್ನೂ ನಾಚಿಕೆಯಾದದ್ದು ಆಮೇಲೆ ಲೆಕ್ಕ ಹಾಕಿದಾಗ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. 512ಕ್ಕೂ 64ಕ್ಕೂ ಇರುವ ಅಂತರ ಹತ್ತು ಮಿಲಿಸೆಕೆಂಡ್, ಅಂದರೆ ಸ್ಪೀಕರ್‌ನಿಂದ ಮೂರೂವರೆ ಮೀಟರ್ ಹಿಂದೆ ಸರಿದು ನಿಂತಷ್ಟು. ಅಲ್ಲಿ ಕುಣಿಯುತ್ತಿದ್ದವರು ಅದಕ್ಕಿಂತ ದೂರದಲ್ಲೇ ಇದ್ದರು. ಕೈಯಲ್ಲಿ ಸ್ಕ್ರ್ಯಾಚ್ ಮಾಡುವ ಪಳಗಿದ ಡಿಜೆಗೆ ಆ ಹತ್ತರ ಬೆಲೆ ಗೊತ್ತು. ಒಂದರ ಹಿಂದೆ ಒಂದು ಹಾಡು ಹಾಕುವ ನನಗೆ ಅದು ಹೇಳಿಕೊಂಡು ತಿರುಗಲು ಬೇಕಿತ್ತು, ಅಷ್ಟೇ.

ನೆಂಟರ ಮದುವೆಗೆ ಲ್ಯಾಪ್‌ಟಾಪ್ ಹೊತ್ತು ಹೊರಟವರಿದ್ದರೆ ಬಫರ್ 512ರಲ್ಲೇ ಇರಲಿ, ಪವರ್ ಸೆಟ್ಟಿಂಗ್‌ನ ಎರಡೂ ಸಾಲು ತಿದ್ದಿ, ಹಿಂದಿನ ದಿನ ಚಾರ್ಜರ್ ಕಿತ್ತು ಒಂದು ಗಂಟೆ ಹಾಡಿಸಿ ನೋಡಿ. ಛತ್ರಕ್ಕೆ ಹೋದ ಕೂಡಲೇ ಸೌಂಡಿನವರನ್ನು ಮಾತಾಡಿಸಿ.