ಹಾದಿಯಲ್ಲಿ ಎದುರಾದ ಹಬ್ಬ

ಗೃಹಸ್ಥನೆಂದರೆ ಮನೆಯಲ್ಲಿ ನೆಲೆನಿಂತವನು ಎಂದು ಮೂವತ್ತು ವರ್ಷಕಾಲ ಮಕ್ಕಳಿಗೆ ವಿಗ್ರಹವಾಕ್ಯ ಹೇಳಿಕೊಟ್ಟ ನನಗೆ, ಮನೆಯೇ ಗಾಲಿಗಳ ಮೇಲೆ ಏರಿ ಊರೂರು ತಿರುಗುವುದನ್ನು ಕಂಡಾಗ ನಗು ಬಂದಿತು. ಜರ್ಮನಿಯವರು ಈ ವಾಹನವನ್ನು ‘ವೋನ್‌ಮೊಬೀಲ್’ ಎನ್ನುತ್ತಾರೆ. ನಾನು ಅದಕ್ಕೆ ಗೃಹಶಕಟವೆಂದು ಹೆಸರಿಟ್ಟೆನು. ನನ್ನ ಮೊಮ್ಮಗಳು ‘ಮನೆಗಾಡಿ’ ಎಂದಳು. ಅವಳ ಹೆಸರೇ ನಿಂತಿತು. ನಾಲ್ವರು ಮಲಗಲು ಮಂಚಗಳು, ಅನಿಲದ ಒಲೆ, ನೀರಿನ ತೊಟ್ಟಿ, ಮಡಿಸಿಟ್ಟರೆ ಗೋಡೆಯಾಗುವ ಮೇಜು, ಎಲ್ಲವೂ ಅದರಲ್ಲಿದ್ದುವು. ಮಡಿಯ ವಿಚಾರವನ್ನು ಮಾತ್ರ ವಾಚಕರು ಕೇಳಬಾರದು. ಒಲೆಗೂ ಕಕ್ಕಸಿಗೂ ನಡುವೆ ಇದ್ದುದು ಒಂದೇ ಒಂದು ಹಲಗೆ.

ನಾನು ಆ ಗಾಡಿಯನ್ನು ಏರಿದುದಕ್ಕೆ ಕಾರಣವಿತ್ತು. 2024ನೆಯ ಇಸವಿಯ ಚೈತ್ರಮಾಸದಲ್ಲಿ ನನ್ನ ಸಹಧರ್ಮಿಣಿ ತೀರಿಕೊಂಡಳು. ಅಬ್ದಪೂರ್ತಿಯಾಗುವವರೆಗೆ ಮನೆಯಲ್ಲಿ ಹಬ್ಬವಿಲ್ಲ. ಇದು ನಮ್ಮಲ್ಲಿ ಎಲ್ಲರೂ ಬಲ್ಲ ನಡವಳಿಕೆ. ಯುಗಾದಿಯ ಹೋಳಿಗೆಯನ್ನು ಅವಳ ಕೈಯಿಂದಲೇ ಉಂಡಿದ್ದೆವು. ಆಮೇಲೆ ಬಂದ ನಾಗರಪಂಚಮಿಯೂ ವರಮಹಾಲಕ್ಷ್ಮಿಯೂ ಬೀದಿಯಲ್ಲಿ ನಡೆದುಹೋದುವೇ ಹೊರತು ನಮ್ಮ ಹೊಸಲನ್ನು ದಾಟಲಿಲ್ಲ. ನೆರೆಹೊರೆಯವರು ಸಂಕೋಚದಿಂದ ಕರೆಯುವುದನ್ನೇ ಬಿಟ್ಟರು. ಅವರ ಮನೆಯ ಒಗ್ಗರಣೆಯ ವಾಸನೆಯಿಂದ ಇಂದು ಇಂಥ ಹಬ್ಬವೆಂದು ನಾನು ತಿಳಿದುಕೊಳ್ಳುವಂತಾಯಿತು. ಸ್ಟುಟ್‌ಗಾರ್ಟ್ ನಗರದಲ್ಲಿ ಉದ್ಯೋಗದಲ್ಲಿರುವ ಮಗನು, “ಗೌರಿ ಗಣೇಶನ ದಿನ ಆ ಮನೆಯಲ್ಲಿ ಒಬ್ಬರೇ ಕುಳಿತು ಏನು ಮಾಡುತ್ತೀರಿ ಅಪ್ಪಯ್ಯ? ಇಲ್ಲಿಗೆ ಬನ್ನಿ. ಹಬ್ಬದ ಸದ್ದೇ ಇಲ್ಲದ ಕಡೆಗೆ ಕರೆದುಕೊಂಡು ಹೋಗುತ್ತೇನೆ” ಎಂದು ಬಲವಂತಮಾಡಿದನು. ಹೊರಟೆನು.

ಗಣೇಶನ ಚೌತಿ ಸೆಪ್ಟೆಂಬರ್ 7ರಂದು ಕಳೆದುಹೋಯಿತು. ನಾಲ್ಕು ದಿನಗಳಾದ ಮೇಲೆ, ಭಾದ್ರಪದ ಶುಕ್ಲ ಅಷ್ಟಮಿಯ ಬೆಳಿಗ್ಗೆ, ನಾವು ಆಸ್ಟ್ರಿಯ ದೇಶದ ಟಿರೋಲ್ ಸೀಮೆಯ ಟಾನ್‌ಹೈಮ್ ಕಣಿವೆಯಿಂದ ಹೊರಟು, ಓಬರ್‌ಯೋಖ್ ಎಂಬ ಘಟ್ಟವನ್ನು ಹತ್ತಿ, ಜರ್ಮನಿಯ ಆಲ್‌ಗೋಯ್ ಪ್ರಾಂತಕ್ಕೆ ಇಳಿಯುತ್ತಿದ್ದೆವು. ಆ ಘಟ್ಟದ ದಾರಿಯಲ್ಲಿ ನೂರಕ್ಕೂ ಹೆಚ್ಚು ತಿರುವುಗಳಿವೆ. ಒಂದೊಂದು ತಿರುವಿಗೂ ಸೊಸೆಯು ತಟ್ಟೆ ಲೋಟಗಳನ್ನು ಕೈಯಿಂದ ಒತ್ತಿ ಹಿಡಿಯುತ್ತಿದ್ದಳು. ಆಗುಂಬೆಯ ಘಟ್ಟವನ್ನು ಬಲ್ಲವನಾದ ನಾನು ಧೈರ್ಯ ಹೇಳುತ್ತಿದ್ದೆನು. ಕೆಳಗೆ ಬಾಡ್ ಹಿಂಡೆಲಾಂಗ್ ಎಂಬ ಊರು ಕಾಣುವಷ್ಟರಲ್ಲಿ ಒಬ್ಬನು ಕೈಯಡ್ಡಹಿಡಿದು ನಮ್ಮ ಗಾಡಿಯನ್ನು ಹುಲ್ಲುಬಯಲೊಂದಕ್ಕೆ ತಿರುಗಿಸಿದನು. ಮುಂದೆ ದಾರಿಯಿಲ್ಲ, ದನಗಳು ಬರುತ್ತಿವೆ ಎಂದನು. ಸದ್ದಿಲ್ಲದ ಕಡೆಗೆಂದು ಮಗನು ಆರಿಸಿದ್ದ ಹಾದಿಯಲ್ಲಿ ಆ ದಿನ ಊರ ಹಬ್ಬ! ಅವನು ನನ್ನ ಮುಖವನ್ನು ನೋಡಿದನು. “ಬಂದುದು ಬಂದೆವು, ನೋಡಿಯೇ ಹೋಗೋಣ” ಎಂದು ನಾನೇ ಮೊದಲು ಇಳಿದೆನು.

ಈ ಹಬ್ಬಕ್ಕೆ ‘ಫೀಶೈಡ್’ ಎಂದು ಹೆಸರು. ಫೀ ಎಂದರೆ ಪಶು. ಶೈಡ್ ಎಂದರೆ ಬೇರ್ಪಡಿಸುವುದು. ಇದು ಅರ್ಥ ಮಾತ್ರವಲ್ಲ, ನಂಟೂ ಹೌದು. ಸಂಸ್ಕೃತದ ಪಕಾರವು ಜರ್ಮನ್ ನುಡಿಯಲ್ಲಿ ಫಕಾರವಾಗುವ ಕ್ರಮವನ್ನು ಯಾಕೋಬ್ ಗ್ರಿಮ್ ಎಂಬ ಪಂಡಿತನು 1822ರಲ್ಲಿ ನಿಯಮವಾಗಿ ಬರೆದಿಟ್ಟನು. ಪಿತೃ ಶಬ್ದವು ಅಲ್ಲಿ ‘ಫಾಟರ್’ ಆದಂತೆ ಪಶುವು ಫೀ ಆಗಿದೆ. ಶೈಡ್‌ಗೂ ನಮ್ಮ ಛಿದ್ ಧಾತುವಿಗೂ ದೂರದ ಬಾಂಧವ್ಯವುಂಟು. ಇಷ್ಟನ್ನು ಮೊಮ್ಮಗಳಿಗೆ ವಿವರಿಸುವಷ್ಟರಲ್ಲಿ ಅವಳು ಬೇಲಿಯ ಮೇಲೆ ಹತ್ತಿ ಕುಳಿತಾಗಿತ್ತು. ಅಜ್ಜಯ್ಯನ ವ್ಯಾಕರಣ ಅವಳ ಕಿವಿಗೆ ಬೀಳಲಿಲ್ಲ.

ಪದ್ಧತಿ ಹೀಗಿದೆ. ಕೆಳಗಿನ ರೈತರು ಜೂನ್ ತಿಂಗಳಲ್ಲಿ ತಮ್ಮ ದನಗಳನ್ನು ಆಲ್ಪ್ಸ್ ಪರ್ವತದ ಮೇಲಿನ ಹುಲ್ಲುಗಾವಲುಗಳಿಗೆ ಅಟ್ಟುತ್ತಾರೆ. ಹೆಚ್ಚಿನವು ಇನ್ನೂ ಕರು ಹಾಕದ ಕಡಸುಗಳು. ಹಲವು ಮನೆಗಳ ದನಗಳನ್ನು ಒಂದು ಹಿಂಡು ಮಾಡಿ ಗೋಪಾಲಕರ ವಶಕ್ಕೆ ಒಪ್ಪಿಸುವರು. ಸುಮಾರು ನೂರು ದಿನಗಳ ಕಾಲ ಅವರೂ ದನಗಳೂ ಬೆಟ್ಟದ ಮೇಲೆಯೇ ಇರುವರು. ಆಲ್‌ಗೋಯ್ ಪ್ರಾಂತವೊಂದರಲ್ಲೇ ಹೀಗೆ ಬೆಟ್ಟಕ್ಕೆ ಹೋಗುವ ದನಗಳು ಸುಮಾರು 30,000. ಹಿಮ ಬೀಳುವುದಕ್ಕೆ ಮುಂಚೆ, ಸೆಪ್ಟೆಂಬರಿನಲ್ಲಿ, ಹಿಂಡುಗಳನ್ನು ಇಳಿಸಿ ತಂದು ಊರ ಬಯಲಿನಲ್ಲಿ ಅವರವರ ದನಗಳನ್ನು ಅವರವರಿಗೆ ಬೇರ್ಪಡಿಸಿ ಕೊಡುವರು. ಹಿಂಡೆಲಾಂಗಿನಲ್ಲಿ ಅದು ಸೆಪ್ಟೆಂಬರ್ 11ಕ್ಕೆ ನಡೆಯುವ ವಾಡಿಕೆ. ಋತುವಿಗೆ ತಕ್ಕಂತೆ ದನಕುರಿಗಳನ್ನು ಹೀಗೆ ದೂರದ ಹುಲ್ಲುಗಾವಲಿಗೆ ನಡೆಸುವ ಪದ್ಧತಿಯನ್ನು ಇಟಲಿ, ಆಸ್ಟ್ರಿಯ, ಗ್ರೀಸ್ ದೇಶಗಳ ಪರವಾಗಿ 2019ರಲ್ಲಿ ಯುನೆಸ್ಕೋ ಸಂಸ್ಥೆಯು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. 2023ರಲ್ಲಿ ಮತ್ತೆ ಏಳು ದೇಶಗಳು ಕೂಡಿಕೊಂಡುವು. ಪಟ್ಟಿಗೆ ಸೇರುವುದು ಒಳ್ಳೆಯದೇ. ಆದರೆ ಹಸು ಕೊಟ್ಟಿಗೆಗೆ ಸೇರುವುದಕ್ಕೆ ಪಟ್ಟಿಯ ಹಂಗಿಲ್ಲ.

ಮೊದಲು ಸದ್ದು ಕೇಳಿಸಿತು. ಕಾಡಿನಾಚೆ ದಪ್ಪ ಹನಿಯ ಮಳೆ ಹಂಚಿನ ಮೇಲೆ ಬಿದ್ದಂತೆ ಒಂದು ಮೊರೆತ. ಹತ್ತಿರ ಬಂದಂತೆ ಅದು ನೂರಾರು ಗಂಟೆಗಳಾಗಿ ಒಡೆಯಿತು. ಕಸೂತಿ ಹಾಕಿದ ಅಗಲವಾದ ಚರ್ಮದ ಪಟ್ಟಿಗಳಲ್ಲಿ ಕೊಡದಷ್ಟು ದೊಡ್ಡ ಗಂಟೆಗಳನ್ನು ಕೊರಳಿಗೆ ಕಟ್ಟಿದ್ದರು. ದನಗಳು ಬೂದಿ ಬೆರೆತ ಕಂದುಬಣ್ಣದವು. ಮೂತಿಯ ಸುತ್ತ ಹಿಟ್ಟು ಮೆತ್ತಿದಂತೆ ಬಿಳುಪು. ನಮ್ಮ ಮಲೆನಾಡು ಗಿಡ್ಡದ ಹಸುವನ್ನು ಪಕ್ಕಕ್ಕೆ ನಿಲ್ಲಿಸಿದ್ದರೆ ಕರುವೆಂದು ತಿಳಿಯುತ್ತಿದ್ದರು. ಎಲ್ಲಕ್ಕೂ ಮುಂದೆ ಬಂದ ಹಸುವಿನ ತಲೆಯ ಮೇಲೆ ಆಳೆತ್ತರದ ಕಿರೀಟವೊಂದಿತ್ತು. ಹಸುರು ರೆಂಬೆಗಳಿಂದ ಕಟ್ಟಿ, ಬೆಟ್ಟದ ಹೂಗಳನ್ನು ಸಿಕ್ಕಿಸಿ, ನಡುವೆ ಒಂದು ಕನ್ನಡಿಯನ್ನೂ ಮೇಲೆ ಶಿಲುಬೆಯನ್ನೂ ಇಟ್ಟಿದ್ದರು. ದುಷ್ಟಶಕ್ತಿಯು ತನ್ನ ಮೋರೆಯನ್ನು ಕನ್ನಡಿಯಲ್ಲಿ ಕಂಡು ತಾನೇ ಹೆದರಿ ಓಡಬೇಕಂತೆ. ದೃಷ್ಟಿಬೊಟ್ಟನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಚರ್ಮದ ಚಡ್ಡಿ ತೊಟ್ಟು, ಟೋಪಿಗೆ ಹೂ ಮುಡಿದ ಗೋಪಾಲಕರು ಎರಡು ಬದಿಗೂ ನಡೆದರು. ಜನರು ಚಪ್ಪಾಳೆ ತಟ್ಟಿ ಕೂಗಿದರು.

ಬಯಲಿನ ಅಂಚಿನಲ್ಲಿ ದೊಡ್ಡ ಡೇರೆ. ಅಲ್ಲಿ ಮದ್ಯವೂ ಮಾಂಸವೂ ಧಾರಾಳವಾಗಿ ನಡೆಯುತ್ತಿದ್ದುವು. ಈ ಕಿರೀಟ ತೊಟ್ಟ ಗೋವಿನ ಕಡೆಯ ಗತಿ ಏನಾಗಬಹುದೆಂಬುದು ನನಗೆ ತಿಳಿಯದ ಸಂಗತಿಯಲ್ಲ. ಪೂಜಿಸಿದುದನ್ನೇ ತಿನ್ನುವ ಬಗೆ ನನ್ನ ಮನಸ್ಸಿಗೆ ಒಗ್ಗುವುದಿಲ್ಲ, ಒಗ್ಗಬೇಕೆಂದೂ ಇಲ್ಲ. ಆದರೆ ಗೋಮಾತೆಯೆಂದು ಬಾಯಲ್ಲಿ ಹೇಳಿ, ಹಾಲು ಬತ್ತಿದ ಮೇಲೆ ಬೀದಿಗೆ ಅಟ್ಟಿ, ಪ್ಲಾಸ್ಟಿಕ್ ಚೀಲ ತಿನ್ನಿಸುವವರು ನಮ್ಮ ಪೇಟೆಗಳಲ್ಲಿ ಕಡಮೆಯಿಲ್ಲ. ಆ ಲೆಕ್ಕವನ್ನು ಅಲ್ಲಿ ನಿಂತು ತೀರಿಸುವುದು ನನಗೆ ಬೇಕಾಗಿರಲಿಲ್ಲ.

ಮೂರು ಹಿಂಡುಗಳು ಹೀಗೆ ಮೆರೆದು ಹೋದುವು. ನಾಲ್ಕನೆಯ ಹಿಂಡು ಬಂದಾಗ ಬೇಲಿಯ ಬಳಿಯ ಮಾತು ನಿಂತಿತು. ಗಂಟೆಗಳಿದ್ದುವು, ಕಿರೀಟವಿರಲಿಲ್ಲ. ಮುಂದಿನ ಹಸು ಬರಿದಾದ ಕೊಂಬುಗಳಿಂದ, ಎಂದಿನ ಮೇವಿನ ಹಾದಿಯಲ್ಲಿ ನಡೆಯುವಂತೆ ನಡೆದು ಬಂದಿತು. ಗೋಪಾಲಕರ ಟೋಪಿಗಳಲ್ಲಿಯೂ ಹೂವಿಲ್ಲ. ನಮ್ಮ ಪಕ್ಕದಲ್ಲಿ ನಿಂತಿದ್ದ ಮುದುಕನು ತನ್ನ ಟೋಪಿಯನ್ನು ತೆಗೆದು ಎದೆಯ ಮೇಲೆ ಹಿಡಿದನು. ಅವನ ಜೊತೆಯಲ್ಲಿದ್ದ ವೃದ್ಧೆಯನ್ನು ಸೊಸೆಯು ಮೆಲ್ಲನೆ ವಿಚಾರಿಸಿ ನಮಗೆ ಹೇಳಿದಳು: ಬೇಸಗೆಯಲ್ಲಿ ಹಿಂಡು ಕ್ಷೇಮವಾಗಿದ್ದರೆ ಮಾತ್ರ ಕಿರೀಟ. ಸಿಡಿಲು ಹೊಡೆದೋ ಬಂಡೆಯಿಂದ ಜಾರಿಯೋ ಒಂದು ದನ ಹೋದರೂ, ಅಥವಾ ಹಿಂಡಿಗೆ ಸೇರಿದ ಮನುಷ್ಯರಲ್ಲಿ ಸಾವಾದರೂ, ಆ ವರ್ಷ ಕಿರೀಟವಿಲ್ಲ. ಈ ಹಿಂಡಿನ ಒಂದು ಕಡಸು ಆಗಸ್ಟ್ ತಿಂಗಳಲ್ಲಿ ಕಮರಿಗೆ ಬಿದ್ದಿತಂತೆ.

ಮೊಮ್ಮಗಳು ಕೇಳಿದಳು, “ನಮ್ಮ ಹಾಗೆ ಇವರಿಗೂ ಈ ವರ್ಷ ಹಬ್ಬವಿಲ್ಲವೇನಮ್ಮಾ? ಮತ್ತೆ ಮೆರವಣಿಗೆಗೆ ಯಾಕೆ ಬಂದುವು?”

“ಮನೆಗೆ ಹೋಗಲೇಬೇಕಲ್ಲ ಮಗಳೇ, ದಾರಿ ಇದೊಂದೇ” ಎಂದಳು ಸೊಸೆ.

ಬೇರ್ಪಡಿಸುವ ಬಯಲಿಗೆ ನಾವೂ ಹೋದೆವು. ಕಿವಿಗೆ ಹಾಕಿದ ಹಳದಿ ಬಿಲ್ಲೆಗಳನ್ನು ನೋಡಿ ರೈತರು ತಮ್ಮ ದನಗಳನ್ನು ಗುರುತಿಸುತ್ತಿದ್ದರು. ಬಿಲ್ಲೆಯನ್ನು ನೋಡುವ ಮೊದಲೇ ಹೆಸರು ಹಿಡಿದು ಕರೆಯುತ್ತಿದ್ದವರೂ ಇದ್ದರು. ನಾಲ್ಕನೆಯ ಹಿಂಡಿನ ಹಿರಿಯ ಗೋಪಾಲಕನು ಎಲ್ಲವನ್ನೂ ಒಪ್ಪಿಸಿದ ಮೇಲೆ, ಭುಜಕ್ಕೆ ನೇತುಹಾಕಿದ್ದ ಚೀಲದಿಂದ ಒಂದು ಚಿಕ್ಕ ಗಂಟೆಯನ್ನು, ಅದರ ಕೊರಳಪಟ್ಟಿಯ ಸಹಿತ ತೆಗೆದು, ಒಬ್ಬ ರೈತನ ಕೈಗೆ ಕೊಟ್ಟನು. ಇಬ್ಬರೂ ಏನೋ ಎರಡು ಮಾತಾಡಿದರು. ರೈತನು ಅವನ ತೋಳನ್ನು ತಟ್ಟಿದನು. ಗಂಟೆ ಸದ್ದು ಮಾಡದಂತೆ ಅದರ ನಾಲಗೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡು, ಉಳಿದ ದನಗಳನ್ನು ಹೊಡೆದುಕೊಂಡು ಹೊರಟುಹೋದನು.

ಆ ರಾತ್ರಿ ಮನೆಗಾಡಿಯ ಮೇಲಿನ ಮಂಚದಲ್ಲಿ ನನಗೆ ನಿದ್ದೆ ತಡವಾಯಿತು. ಋಗ್ವೇದದ ಆರನೆಯ ಮಂಡಲದಲ್ಲಿ ಪೂಷನ್ ದೇವತೆಯನ್ನು ಕುರಿತ ಸೂಕ್ತವೊಂದಿದೆ. ಮೇಯಲು ಹೋದ ಗೋವುಗಳು ಅರಿಷ್ಟವಿಲ್ಲದೆ ಹಿಂದಿರುಗಲೆಂಬುದೇ ಅದರ ಬೇಡಿಕೆ. ಅದನ್ನು ಎಷ್ಟೋ ಸಾರಿ ಪಾಠಮಾಡಿದ್ದೇನೆ. ಹಿಂದಿರುಗದ ಒಂದರ ವಿಷಯವಾಗಿ ಉಳಿದವು ಹೇಗೆ ನಡೆಯಬೇಕೆಂಬ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ನಮ್ಮ ಹಿರಿಯರು ಸತ್ತವರ ಮನೆಗೆ ಹಬ್ಬ ಬೇಡವೆಂದುದರಲ್ಲಿ ಕರುಣೆಯಿದೆ. ಅಳುವ ಹೆಂಗಸಿನ ಕೈಯಲ್ಲಿ ಕಡುಬು ಮಾಡಿಸಬಾರದೆಂದು ಅವರು ಬಗೆದಿರಬೇಕು. ಆ ನಡವಳಿಕೆಯನ್ನು ನಾನು ಹಳಿಯಲಾರೆ. ಆದರೆ ಕದ ಮುಚ್ಚಿ ಕೂರಬೇಕೆಂದು ಅವರು ಹೇಳಿದ್ದರೇ, ನಾವೇ ಸೇರಿಸಿಕೊಂಡೆವೇ ಎಂಬ ಸಂದೇಹ ನನ್ನನ್ನು ಬಿಡಲಿಲ್ಲ. ಧರ್ಮಶಾಸ್ತ್ರದಲ್ಲಿ ಆಶೌಚಕ್ಕೆ ದಿನಗಳ ಲೆಕ್ಕವಿದೆ. ಅದು ವರ್ಷದ ಮಾತಲ್ಲ.

ಅಕ್ಟೋಬರಿನಲ್ಲಿ ಊರಿಗೆ ಮರಳಿದೆನು. ನವೆಂಬರ್ 2ರಂದು ಬಲಿಪಾಡ್ಯಮಿ. ನಮ್ಮ ಕಡೆ ಅಂದು ಗೋಪೂಜೆ. ಅಡಕೆಯನ್ನೂ ಚೆಂಡುಹೂವನ್ನೂ ಪೋಣಿಸಿ ದನಗಳ ಕೊರಳಿಗೆ ಹಾಕಿ, ಊರ ದನಗಳನ್ನೆಲ್ಲ ಬಯಲಿಗೆ ಬಿಡುವುದುಂಟು. ನಮ್ಮ ಮನೆಯ ಮಾಲೆಗಳನ್ನು ಮೂವತ್ತೈದು ವರ್ಷ ಅವಳೇ ಕಟ್ಟಿದಳು. ಅವಳು ಸಾಕಿದ ಎರಡು ಹಸುಗಳು ಕೊಟ್ಟಿಗೆಯಲ್ಲಿ, ದೂರದ ಗಂಟೆಗಳಿಗೆ ಕಿವಿ ನಿಗುರಿಸಿ ನಿಂತಿದ್ದುವು. ದನ ನೋಡಿಕೊಳ್ಳುವ ಹುಡುಗನು ಹುಲ್ಲು ಹಾಕಲು ಬಂದನು.

“ಇವತ್ತು ಹುಲ್ಲು ಬೇಡ, ಬಿಚ್ಚು. ಎಲ್ಲರ ದನಗಳ ಜೊತೆಗೆ ಹೊಡೆದುಕೊಂಡು ಹೋಗು” ಎಂದೆನು.

“ಮಾಲೆ ಇಲ್ಲವಲ್ಲ ಅಯ್ಯಾ?”

“ಹಾಗೆಯೇ ಹೋಗಲಿ.”

ನೆರೆಮನೆಯಾಕೆ ಇದನ್ನು ಕಂಡು, ಮಿಕ್ಕಿದ್ದ ಎರಡು ಮಾಲೆಗಳನ್ನು ಹಿಡಿದು ಅವಸರದಿಂದ ಬೇಲಿಯ ಬಳಿಗೆ ಬಂದಳು. ನಾನು ಕೈಮುಗಿದು, “ಬರುವ ವರ್ಷ ಹಾಕೋಣ ತಾಯಿ” ಎಂದೆನು. ಅವಳು ಹಸುಗಳನ್ನೂ ನನ್ನನ್ನೂ ನೋಡಿ, ಮಾಲೆಗಳನ್ನು ಸೆರಗಿನಲ್ಲಿಟ್ಟುಕೊಂಡು, ದಣಪೆಯ ಅಡ್ಡಗಳವನ್ನು ತಾನೇ ಸರಿಸಿ ದನಗಳಿಗೆ ದಾರಿ ಬಿಟ್ಟಳು. ನಾನು ಕೋಲನ್ನು ತೆಗೆದುಕೊಂಡು ಹಿಂದಿನಿಂದ ನಡೆದೆನು.