ಏನೂ ಹಾಕದ ಮಡಿ

1
ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ. ಗಂಗಾವತಿ ಸೋನಾ ಭತ್ತ ಹೊರಬಂದದ್ದು ಇಲ್ಲಿಂದ. ಸವಳು ನೆಲದ ಪ್ರಯೋಗಗಳೂ ಇಲ್ಲಿವೆ. ತುಂಗಭದ್ರೆಯ ಕಾಲುವೆ ನೀರು ಬಂತು. ಕೆಲವು ಕಡೆ ಅದರ ಹಿಂದೆ ಉಪ್ಪೂ ಮೇಲೆದ್ದಿತು.

2
ಪ್ರಯೋಗದ ಹೊಲವನ್ನು ಮಡಿಗಳಾಗಿ ಒಡೆಯುತ್ತಾರೆ. ಯಾವ ಮಡಿಗೆ ಯಾವ ತಳಿ, ಎಷ್ಟು ಗೊಬ್ಬರ ಎಂಬುದು ಚೀಟಿ ಎತ್ತಿದ ಹಾಗೆ ಗೊತ್ತಾಗುತ್ತದೆ. ನೆಲ ಬಲ್ಲವರು ಪಕ್ಕದಲ್ಲೇ ಇದ್ದರೂ ಅವರ ಆಯ್ಕೆ ನಡೆಯುವುದಿಲ್ಲ.

ಗೊಬ್ಬರದ ಪ್ರಯೋಗದಲ್ಲಿ ಒಂದು ಮಡಿಗೆ ಏನೂ ಹಾಕುವುದಿಲ್ಲ. ಅದರ ಬೆಳೆಯನ್ನೂ ಅಷ್ಟೇ ಜೋಪಾನವಾಗಿ ಕೊಯ್ದು ತೂಗುತ್ತಾರೆ.

3
ಚೀಟಿಯ ಈ ಕ್ರಮವನ್ನು 1920ರ ದಶಕದಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಆರ್. ಎ. ಫಿಶರ್, ರಾಥಮ್‌ಸ್ಟೆಡ್ ಹೊಲಗಳ ಲೆಕ್ಕ ನೋಡುತ್ತಿದ್ದಾಗ. ಔಷಧಕ್ಕೆ, ಶಾಲೆಗೆ, ಸಾಲದ ಯೋಜನೆಗೆ ಅದು ಹೋದದ್ದು ಆಮೇಲೆ.

4
ಯಲಬುರ್ಗಾದ ಎರೆ, ಕುಷ್ಟಗಿಯ ಮಸಾರಿ. ಎಲ್ಲಿಯೇ ಆಗಲಿ, ಚೀಟಿ ಎತ್ತದಿದ್ದರೆ ಹೊಸ ಬೀಜ ಒಳ್ಳೆಯ ಹೊಲಕ್ಕೇ ಬೀಳುತ್ತದೆ. ಇಳುವರಿ ಬಂದರೆ ಬೀಜದ ಹೆಸರು ಹೇಳುತ್ತಾರೆ.

5
ಡಿಸೆಂಬರ್ 2021. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮತ್ತು ವಿಜಯಪುರದ ಬಿಸಿಯೂಟಕ್ಕೆ ಮೊಟ್ಟೆ ಬಂತು. ತಿನ್ನದವರಿಗೆ ಬಾಳೆಹಣ್ಣು. ಕೊಪ್ಪಳದ ಮಕ್ಕಳಿಗೆ ಸಿಕ್ಕಿತು. ಯಲಬುರ್ಗಾದ ಪಡುವಣಕ್ಕೆ ಗದಗ ಜಿಲ್ಲೆ, ಅಲ್ಲಿ ಸಿಗಲಿಲ್ಲ.

6
ಕೆಲವು ಮಠಾಧೀಶರು ಮೊಟ್ಟೆ ಬೇಡವೆಂದರು. ಬೇಕೆಂದು ಮಾತಾಡಿದ ಗಂಗಾವತಿಯ ವಿದ್ಯಾರ್ಥಿನಿಯ ವಿಡಿಯೊ ರಾಜ್ಯವೆಲ್ಲ ಹರಿದಾಡಿತು.

7
ಮೊಟ್ಟೆಯಿಂದ ಏನಾಯಿತೆಂದು ನೋಡಲು ಒಂದು ಅಧ್ಯಯನ ನಡೆಯಿತು. ಅದು ಹೋಲಿಸಿದ್ದು ಮೊಟ್ಟೆ ಸಿಕ್ಕ ಯಾದಗಿರಿಯ ಮತ್ತು ಸಿಗದ ಗದಗದ ಮಕ್ಕಳನ್ನು. ಯಾದಗಿರಿಯ ಎಂಟನೇ ತರಗತಿ ಹುಡುಗಿಯರ ತೂಕ ಹೆಚ್ಚು ಏರಿತ್ತು.

ಇಲ್ಲಿ ಚೀಟಿ ಎತ್ತಿರಲಿಲ್ಲ. ಎರಡು ಜಿಲ್ಲೆಗಳ ನೆಲ, ಊಟ, ಕೂಲಿ ಬೇರೆ ಬೇರೆ. ಗದಗದ ಮಕ್ಕಳೂ ತಕ್ಕಡಿ ಹತ್ತಿ ಇಳಿದರು. 2022ರಲ್ಲಿ ಮೊಟ್ಟೆ ಎಲ್ಲ ಜಿಲ್ಲೆಗಳಿಗೂ ಬಂತು.

8
ವಾಜಪೇಯಿ ಆರೋಗ್ಯಶ್ರೀ, ಫೆಬ್ರುವರಿ 2010. ಬಡತನ ರೇಖೆಗಿಂತ ಕೆಳಗಿನವರಿಗೆ ಹೃದಯ, ಕ್ಯಾನ್ಸರ್‌ನಂಥ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ. ಮೊದಲು ಉತ್ತರದ ಜಿಲ್ಲೆಗಳಿಗೆ ಮಾತ್ರ, ಕೊಪ್ಪಳ ಅದರೊಳಗೆ.

ಉತ್ತರ ಮುಗಿದು ದಕ್ಷಿಣ ಶುರುವಾಗುವ ಗೆರೆಯ ಎರಡೂ ಬದಿಯ ಹಳ್ಳಿಗಳಿಗೆ ಸಂಶೋಧಕರು ಹೋದರು. ಯೋಜನೆ ಇದ್ದ 300 ಹಳ್ಳಿ, ಇಲ್ಲದ 272 ಹಳ್ಳಿ. ಗೆರೆ ಸರ್ಕಾರದ್ದು. ನೆರೆಯ ಹಳ್ಳಿಗಳಾದ್ದರಿಂದ ಬದುಕು ಹೆಚ್ಚುಕಡಿಮೆ ಒಂದೇ.

9
ಯೋಜನೆಯ ಚಿಕಿತ್ಸೆಯಿಂದ ತಪ್ಪಿಸಬಹುದಾದ ಸಾವು, ಬಡ ಮನೆಗಳಲ್ಲಿ: ಯೋಜನೆ ಇದ್ದ ಬದಿ ಶೇ. 0.32, ಇಲ್ಲದ ಬದಿ ಶೇ. 0.90.

ಎರಡನೆಯ ಅಂಕಿಯನ್ನು ದಾಟಿ ಮುಂದೆ ಓದುವುದು ನನಗೆ ಕಷ್ಟ.

10
ಬಡತನ ರೇಖೆಗಿಂತ ಮೇಲಿನವರಿಗೆ ಯೋಜನೆ ಇರಲಿಲ್ಲ. ಅವರ ಮನೆಗಳಲ್ಲಿ ಗೆರೆಯ ಎರಡೂ ಬದಿ ಸಾವಿನ ಪ್ರಮಾಣ ಒಂದೇ ಸಮ. ಏನೂ ಸಿಗದವರನ್ನೂ ಮನೆಮನೆಗೆ ಹೋಗಿ ಎಣಿಸಿದ್ದರು.

11
ಯೋಜನೆ ದಕ್ಷಿಣಕ್ಕೆ ವಿಸ್ತರಿಸಿದ್ದು 2012ರಲ್ಲಿ. ಈ ಅಂಕಿಗಳು ಪ್ರಕಟವಾದದ್ದು 2014ರಲ್ಲಿ.