ಗ್ಲಾಸ್ಗೋದ ಅಂಗಡಿಯವನು

ಲಿಪ್ಟನ್ ಎಂಬುದು ಒಬ್ಬ ಮನುಷ್ಯನ ಹೆಸರು ಎಂದು ನಮಗೆ ಬಹುಕಾಲ ಗೊತ್ತೇ ಇರಲಿಲ್ಲ. ಊರಿನ ದಿನಸಿ ಅಂಗಡಿಯ ಬಾಗಿಲ ಪಕ್ಕ ಮೊಳೆ ಹೊಡೆದಿದ್ದ ತಗಡಿನ ಬೋರ್ಡಿನಲ್ಲಿ ಆ ಹೆಸರಿತ್ತು, ಅಷ್ಟೇ. ನಮ್ಮದು ಕಾಫಿ ಕುಡಿಯುವ ಮನೆ. ಟೀ ಪುಡಿಯ ಪೊಟ್ಟಣ ಬರುತ್ತಿದ್ದುದು ಯಾರಿಗಾದರೂ ನೆಗಡಿಯಾದಾಗ, ಇಲ್ಲವೇ ಟೀಯೇ ಆಗಬೇಕೆನ್ನುವ ನೆಂಟರು ಬಂದಾಗ.

ಆ ಹೆಸರಿನ ಹಿಂದಿದ್ದ ಥಾಮಸ್ ಲಿಪ್ಟನ್ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದ ಗೊರ್ಬಲ್ಸ್‌ನಲ್ಲಿ, ಬಡವರು ಒತ್ತೊತ್ತಾಗಿ ಬದುಕುತ್ತಿದ್ದ ಕೇರಿಯಲ್ಲಿ. ಅಪ್ಪ ಅಮ್ಮ ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರು; ಒಂದು ಪುಟ್ಟ ಅಂಗಡಿ ಇಟ್ಟುಕೊಂಡಿದ್ದರು. ಹುಡುಗ ಬೇಗನೆ ಶಾಲೆ ಬಿಟ್ಟ, ಹಡಗಿನಲ್ಲಿ ಚಾಕರಿ ಮಾಡಿದ, ಹದಿಹರೆಯದಲ್ಲೇ ಅಮೆರಿಕಕ್ಕೆ ಹೋಗಿ ತಂಬಾಕು ತೋಟ, ಭತ್ತದ ಗದ್ದೆ ಎಲ್ಲ ಸುತ್ತಿ ಕೊನೆಗೆ ನ್ಯೂಯಾರ್ಕಿನ ಒಂದು ದೊಡ್ಡ ಅಂಗಡಿಯಲ್ಲಿ ನಿಂತ. ಗಿರಾಕಿಯನ್ನು ಹೇಗೆ ಕರೆಯಬೇಕು, ಸರಕನ್ನು ಹೇಗೆ ಜೋಡಿಸಿಡಬೇಕು ಎಂದು ಅಲ್ಲಿ ಕಲಿತ. ಊರಿಗೆ ಮರಳಿ 1871ರಲ್ಲಿ ಸ್ಟಾಬ್‌ಕ್ರಾಸ್ ಬೀದಿಯಲ್ಲಿ ಸ್ವಂತ ಅಂಗಡಿ ತೆರೆದ.

ಪ್ರಚಾರದಲ್ಲಿ ಆತನನ್ನು ಮೀರಿಸುವವರಿರಲಿಲ್ಲ. ಕೊಬ್ಬಿದ ಹಂದಿಗಳನ್ನು ಬೀದಿಯಲ್ಲಿ ಮೆರವಣಿಗೆ ಹೊರಡಿಸುತ್ತಿದ್ದ. ಲಿಪ್ಟನ್ ಅಂಗಡಿಗೇ ಹೊರಟಿದ್ದೇವೆ ಎಂಬ ಬರಹವನ್ನು ಅವುಗಳ ಮೈಮೇಲೆ ಕಟ್ಟಿರುತ್ತಿದ್ದ. ಅಂಗಡಿಗೆ ಹೋಗುವವರನ್ನು ಬಡಕಲಾಗಿಯೂ ಹೊರಬರುವವರನ್ನು ದುಂಡಗಾಗಿಯೂ ತೋರಿಸುವ ಕನ್ನಡಿಗಳಿದ್ದವು. 1881ರ ಕ್ರಿಸ್‌ಮಸ್‌ಗೆ ಅಮೆರಿಕದಿಂದ ದೈತ್ಯ ಗಾತ್ರದ ಚೀಸ್ ಗಡ್ಡೆ ತರಿಸಿ ಅದರೊಳಗೆ ಚಿನ್ನದ ನಾಣ್ಯ ಹುದುಗಿಸಿ ತುಂಡು ಮಾಡಿ ಮಾರಿದ. ನೂಕುನುಗ್ಗಲಾಯಿತು. ಇಂದಿನ ಮಾರ್ಕೆಟಿಂಗ್ ಪಂಡಿತರು ಹೊಸದೆಂದು ಹೇಳುವುದರಲ್ಲಿ ಅರ್ಧವನ್ನು ಈತ ಆಗಲೇ ಮಾಡಿ ಮುಗಿಸಿದ್ದ.

ಟೀ ಬಂದದ್ದು ಆಮೇಲೆ. ಎಲೆ ತುಕ್ಕು ರೋಗ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಕಾಫಿಯನ್ನು ನುಂಗಿಹಾಕಿತ್ತು; ಅಲ್ಲಿನ ಬೆಳೆಗಾರರು ಟೀಗೆ ತಿರುಗಿದ್ದರು. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಆ ರೋಗದ ಹೆಸರು ಕೇಳಿದರೆ ಈಗಲೂ ಸಂಕಟ. 1890ರಲ್ಲಿ ಲಿಪ್ಟನ್ ಸಿಲೋನಿಗೆ ಹೋಗಿ ಹಪುತಳೆಯ ಬಳಿ ದಂಬತೆನ್ನೆ ಮುಂತಾದ ತೋಟಗಳನ್ನು ಕೊಂಡ. ಮಧ್ಯವರ್ತಿಗಳನ್ನು ಬದಿಗೆ ಸರಿಸಿ, ಪೌಂಡಿಗೆ ಸುಮಾರು 3 ಶಿಲ್ಲಿಂಗ್ ಇದ್ದ ಟೀಯನ್ನು ಪೊಟ್ಟಣ ಕಟ್ಟಿ 1 ಶಿಲ್ಲಿಂಗ್ 7 ಪೆನ್ಸಿಗೆ ಮಾರಿದ. ಕೂಲಿಯವರ ಮನೆಗೂ ಟೀ ಬಂತು.

ದಾನವೂ ಕಡಿಮೆಯಿರಲಿಲ್ಲ. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವಕ್ಕೆ ಲಂಡನ್ನಿನ ಬಡವರಿಗೆ ಊಟ ಹಾಕಿಸಲು 25,000 ಪೌಂಡ್ ಕೊಟ್ಟ. ಮೊದಲು ಹೆಸರು ಗುಟ್ಟಾಗಿತ್ತು, ಆಮೇಲೆ ಬಯಲಾಯಿತು. ಮರುವರ್ಷ ‘ಸರ್’ ಪದವಿ ಬಂತು. ಮೊದಲ ಮಹಾಯುದ್ಧದಲ್ಲಿ ತನ್ನ ಹಡಗನ್ನು ರೆಡ್ ಕ್ರಾಸ್ ಕೆಲಸಕ್ಕೆ ಬಿಟ್ಟು, ಟೈಫಸ್ ಹಬ್ಬಿದ್ದ ಸರ್ಬಿಯಾಕ್ಕೆ ತಾನೇ ಹೋಗಿ ಬಂದ. ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯಕ್ಕೆ 1899ರಿಂದ 1930ರವರೆಗೆ ಐದು ಸಲ ಇಳಿದು ಐದೂ ಸಲ ಸೋತ; ಸೋತವನಿಗೆ ಅಮೆರಿಕನ್ನರೇ ಚಂದಾ ಎತ್ತಿ ಚಿನ್ನದ ಬಟ್ಟಲು ಮಾಡಿಸಿಕೊಟ್ಟರು. ಬ್ರಹ್ಮಚಾರಿ ಎಂದೇ ಹೇಳಿಕೊಳ್ಳುತ್ತಿದ್ದ. 1931ರಲ್ಲಿ ತೀರಿಕೊಂಡಾಗ ಆಸ್ತಿಯ ಬಹುಪಾಲು ಗ್ಲಾಸ್ಗೋ ನಗರಕ್ಕೆ ಹೋಯಿತು.

ಹಪುತಳೆಗೆ ನಾನು ಹೋದದ್ದು ಪ್ರವಾಸಿಯಾಗಿ. ದಂಬತೆನ್ನೆ ಕಾರ್ಖಾನೆಯಿಂದ ಮೇಲಕ್ಕೆ ಏರುತ್ತಾ ಹೋದರೆ ‘ಲಿಪ್ಟನ್ಸ್ ಸೀಟ್’ ಸಿಗುತ್ತದೆ. ತನ್ನ ತೋಟಗಳನ್ನು ಆತ ಕೂತು ನೋಡುತ್ತಿದ್ದ ಜಾಗವಂತೆ. ಈಗ ಟೀ ಕಪ್ ಹಿಡಿದು ಕೂತ ಆತನ ಪ್ರತಿಮೆ ಇದೆ, ಪಕ್ಕದಲ್ಲಿ ಕೂತು ಫೋಟೊ ತೆಗೆಸಿಕೊಳ್ಳುವವರ ಸಾಲು ಇದೆ. ದಾರಿಯ ಕೆಳಗೆ ಲೈನ್ ಮನೆಗಳು: ಉದ್ದಕ್ಕೆ ಒಂದೇ ಮಾಡು, ಒಂದಕ್ಕೊಂದು ಅಂಟಿದ ಕೋಣೆಗಳು, ಮುಂದೆ ಹಗ್ಗದ ಮೇಲೆ ಒಣಗುವ ಬಟ್ಟೆ. ಸೊಪ್ಪು ಕೀಳುವ ಹೆಂಗಸರು ತಮಿಳಿನಲ್ಲಿ ಮಾತಾಡುತ್ತಿದ್ದರು. ಅವರ ಹಿರಿಯರನ್ನು ತಮಿಳುನಾಡಿನಿಂದ ಮೊದಲು ಕಾಫಿಗೆ, ಆಮೇಲೆ ಟೀಗೆ ಕರೆತಂದದ್ದು. 1948ರಲ್ಲಿ ಆಗಷ್ಟೇ ಸ್ವತಂತ್ರವಾಗಿದ್ದ ಸಿಲೋನ್ ಇವರಲ್ಲಿ ಬಹುತೇಕರಿಗೆ ಪೌರತ್ವ ನಿರಾಕರಿಸಿತು; ಎರಡೂ ದೇಶಗಳ ಪ್ರಧಾನಿಗಳು ಮಾಡಿಕೊಂಡ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಲಕ್ಷಗಟ್ಟಲೆ ಜನ ಭಾರತಕ್ಕೆ ಬಂದರು; ಉಳಿದವರಿಗಾಗಿ 2003ರಲ್ಲಿ ಮತ್ತೊಂದು ಕಾನೂನು ಬೇಕಾಯಿತು. ಇದಕ್ಕೆಲ್ಲ ಲಿಪ್ಟನ್ ಹೊಣೆಯಲ್ಲ. ಆದರೆ ಅಗ್ಗದ ಟೀ ಅಗ್ಗದ ಕೂಲಿಯ ಮೇಲೆಯೇ ನಿಂತಿತ್ತು ಎಂಬುದನ್ನು ಆ ಪ್ರತಿಮೆಯ ಬಳಿ ಯಾರೂ ಹೇಳುವುದಿಲ್ಲ.

ಆತ ಹುಟ್ಟಿದ ಗೊರ್ಬಲ್ಸ್‌ನ ಹಳೆಯ ಮನೆಗಳನ್ನು ಕಳೆದ ಶತಮಾನದಲ್ಲೇ ಕೆಡವಿದರು. ಮೊದಲ ಅಂಗಡಿಯಿದ್ದ ಆಂಡರ್ಸ್‌ಟನ್ ಪ್ರದೇಶವನ್ನು ಹೆದ್ದಾರಿ ಸೀಳಿತು. ಬ್ರ್ಯಾಂಡು ಯೂನಿಲಿವರ್ ಕಂಪನಿಯ ಕೈಸೇರಿತ್ತು. 2022ರಲ್ಲಿ ಆ ಕಂಪನಿ ತನ್ನ ಟೀ ವ್ಯಾಪಾರದ ಬಹುಪಾಲನ್ನು 450 ಕೋಟಿ ಯೂರೊಗೆ ಒಂದು ಹೂಡಿಕೆ ಸಂಸ್ಥೆಗೆ ಮಾರಿತು. ಭಾರತ, ನೇಪಾಳ, ಇಂಡೋನೇಷ್ಯಾಗಳ ಟೀ ವ್ಯಾಪಾರವನ್ನು ಉಳಿಸಿಕೊಂಡಿತು.

ಲಿಪ್ಟನ್‌ನನ್ನು ದಾನಿ ಎನ್ನಲು ನನಗೆ ಅಡ್ಡಿಯಿಲ್ಲ. ಕೊಟ್ಟದ್ದು ನಿಜ, ಕೈಬಿಚ್ಚಿ ಕೊಟ್ಟದ್ದೂ ನಿಜ. ಆದರೆ ಅದರ ಬಹುಪಾಲು ಸೇರಿದ್ದು ಗಿರಾಕಿಗಳ ಊರಿಗೆ, ಸೊಪ್ಪು ಕಿತ್ತವರ ಊರಿಗಲ್ಲ.